ಈರಯ್ಯನ ಮುನ್ನೂರ ಹನ್ನೆರಡು ವಾಲ್ವುಗಳು

ದೋಹಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಗ್ಯಾಸ್ ಪ್ಲ್ಯಾಂಟುಗಳಿಗೆ ಪೈಪು-ವಾಲ್ವು ಒದಗಿಸುವ ಕಂಪನಿಯೊಂದರಲ್ಲಿ ರೋಣದ ಈರಯ್ಯ ಸ್ಟೋರ್ ಕೀಪರ್. ಹನ್ನೊಂದು ವರ್ಷದಲ್ಲಿ ಅವನ ಸ್ಟೋರಿನಿಂದ ಒಂದು ನಟ್ಟೂ ಕಳೆದಿರಲಿಲ್ಲ. ಅಂಥವನ ಕೈಗೆ ೧೯೯೪ರಲ್ಲಿ ಮೆಮೊ ಬಂತು: ನಿರ್ಲಕ್ಷ್ಯದಿಂದ ಕಂಪನಿಯ ಮಾಹಿತಿ ಹಾಳು ಮಾಡಿದ್ದಕ್ಕೆ ಎಚ್ಚರಿಕೆ.

ಆ ವರ್ಷವೇ ಸ್ಟೋರಿಗೆ ಕಂಪ್ಯೂಟರ್ ಬಂದದ್ದು. ಚಿತ್ರವಿಲ್ಲ, ಮೌಸ್ ಇಲ್ಲ. ಕಪ್ಪು ಪರದೆ, ಹಸಿರು ಅಕ್ಷರ. ಟೈಪ್ ಮಾಡುವುದನ್ನು ಈರಯ್ಯ ಒಂದೇ ವಾರದಲ್ಲಿ ಕಲಿತ. ಆದರೆ ಬರೆದದ್ದನ್ನು ಸೇವ್ ಮಾಡಿ ಹೊರಗೆ ಬರುವ ಬಗೆಯನ್ನು ಕಂಪ್ಯೂಟರ್ ನೋಡಿಕೊಳ್ಳುವ ಬೊನವೆಂಚರ್ ಯಾರಿಗೂ ಹೇಳಿಕೊಡುತ್ತಿರಲಿಲ್ಲ. ಸಂಜೆ ತಾನೇ ಬಂದು, ಭುಜ ಅಡ್ಡ ಹಿಡಿದು, ಟಕಟಕ ಐದಾರು ಕೀ ಒತ್ತಿ ಹೋಗುತ್ತಿದ್ದ.

“ಹೇಳಿಕೊಟ್ರ ನಾನ ಮಾಡ್ಕೋತೀನಲ್ರೀ,” ಎಂದು ಈರಯ್ಯ ಕೇಳಿದ್ದುಂಟು.

“ನಿಮಗೆ ಅದೆಲ್ಲ ಬೇಡ ಮಾರಾಯ್ರೆ. ಹೆಚ್ಚುಕಮ್ಮಿ ಆದ್ರೆ ನನ್ನ ತಲೆಗೆ ಬರ್ತದೆ,” ಎಂದಿದ್ದ ಮಂಗಳೂರಿನ ಬೊನವೆಂಚರ್.

ಪ್ಲ್ಯಾಂಟೊಂದನ್ನು ರಿಪೇರಿಗೆ ನಿಲ್ಲಿಸುವ ಮುಂಚೆ ಬೇಕಾಗುವ ವಾಲ್ವುಗಳ ಪಟ್ಟಿ ಮಾಡಬೇಕಿತ್ತು. ಅದೇ ಹೊತ್ತಿಗೆ ಬೊನವೆಂಚರ್ ಮೂರು ದಿನ ದುಖಾನ್ ಎಂಬ ಊರಿನ ಪ್ಲ್ಯಾಂಟಿಗೆ ಹೊರಟ. “ಸ್ಕ್ರೀನ್ ಹಾಗೇ ಬಿಡಿ, ಬಂದು ಸೇವ್ ಮಾಡ್ತೇನೆ,” ಎಂದು ಹೇಳಿಹೋದ. ಈರಯ್ಯ ಮೂರು ದಿನ ಕಣ್ಣು ಕೀಳದೆ ಮುನ್ನೂರ ಹನ್ನೆರಡು ವಾಲ್ವುಗಳ ಅಳತೆ, ನಂಬರು, ಇಟ್ಟ ಜಾಗ ಎಲ್ಲ ಹೊಡೆದ. ಮೂರನೆಯ ದಿನ ಮಧ್ಯಾಹ್ನ ಮ್ಯಾನೇಜರ್ ಬಂದು ನಿಂತ: ಪಟ್ಟಿ ಈಗಲೇ ಪ್ರಿಂಟ್ ಆಗಬೇಕು, ‘ಯಲ್ಲಾ’, ಬೇಗ ಬೇಗ.

ಹೊರಗೆ ಬರದೆ ಪ್ರಿಂಟ್ ಆಗದು. ಈರಯ್ಯ ಇಂಗ್ಲಿಷಿನಲ್ಲಿ ‘ಕ್ವಿಟ್’ ಎಂದು ಹೊಡೆದ. ಆ ಪದ ಪಟ್ಟಿಯ ಕೊನೆಗೆ ಹೋಗಿ ಕೂತಿತು. ‘ಎಕ್ಸಿಟ್’ ಎಂದ, ಅದೂ ಕೂತಿತು. ರೇಗಿ ‘ಖಲಾಸ್’ ಎಂದೂ ಹೊಡೆದ. ಮ್ಯಾನೇಜರ್ ಗಡಿಯಾರ ನೋಡುತ್ತಿದ್ದ. ಈರಯ್ಯ ಸ್ವಿಚ್ ಆರಿಸಿ ಮತ್ತೆ ಹಾಕಿದ. ಪಟ್ಟಿ ಇರಲಿಲ್ಲ. ‘ನಿಮಗೆ ಪತ್ರವಿದೆ’ ಎಂಬರ್ಥದ ಒಂದು ಸಾಲು ಮಾತ್ರ ಇತ್ತು.

ಮರುದಿನ ಬೊನವೆಂಚರ್ ಬಂದ. “ಇದೇನ್ರೀ ಈ ಸಾಲು?” ಎಂದು ಈರಯ್ಯ ಕೇಳಿದ.

“ಅದು ಎಂಥದ್ದೂ ಅಲ್ಲ. ಎಲ್ಲ ಹೋಯ್ತು. ಪುನಃ ಹೊಡೆಯಿರಿ.”

ಈರಯ್ಯ ಮ್ಯಾನೇಜರ್ ಕೊಟ್ಟ ಮೆಮೊವನ್ನು ಜೇಬಿನಲ್ಲಿಟ್ಟುಕೊಂಡು ಇನ್ನೂ ಮೂರು ದಿನ ಹೊಡೆದ. ಹೊಡೆಯುವಾಗಲೇ ಅವನಿಗೆ ನೆನಪಾಯಿತು: ಕಂಪ್ಯೂಟರಿನ ಜೊತೆ ಒಂದು ದಪ್ಪ ಪುಸ್ತಕವೂ ಬಂದಿತ್ತು. ಸಹಿ ಮಾಡಿ ಇಳಿಸಿಕೊಂಡವನು ತಾನೇ. ಸ್ಟಾಕ್ ತಪಾಸಣೆ ಎಂದು ಚೀಟಿ ಬರೆದು, ಬೊನವೆಂಚರನ ಬೀರುವಿನಿಂದ ಅದನ್ನು ವಾಪಸ್ ತರಿಸಿಕೊಂಡ. ಮನ್ಸೂರಾ ಬಡಾವಣೆಯ ತನ್ನ ರೂಮಿಗೆ ಒಯ್ದು, ಶುಕ್ರವಾರ ಇಡೀ ದಿನ ಡಿಕ್ಷನರಿ ಮಗ್ಗುಲಿಗಿಟ್ಟುಕೊಂಡು ಓದಿದ.

ಎಸ್ಕೇಪ್, ಕೋಲನ್, ಡಬ್ಲ್ಯು, ಕ್ಯೂ, ಕೊನೆಗೆ ಎಂಟರ್. ಅಷ್ಟೇ. ಇಷ್ಟಕ್ಕೆ ಭುಜ ಅಡ್ಡ ಹಿಡಿಯುತ್ತಿದ್ದನೇ ಎಂದು ಮೈ ಉರಿಯಿತು. ಮುಂದಿನ ಪುಟವನ್ನು ಎರಡು ಸಲ ಓದಿದ. ನಡುವೆ ಸಂಪರ್ಕ ಕಡಿದುಹೋದರೆ ಕಂಪ್ಯೂಟರ್ ಒಂದು ನಕಲು ಎತ್ತಿಟ್ಟು, ಅದನ್ನು ತೆಗೆಯುವ ಬಗೆಯನ್ನು ಪತ್ರದಲ್ಲಿ ತಿಳಿಸುತ್ತದೆ ಎಂದಿತ್ತು.

ಶನಿವಾರ ಆ ಪತ್ರ ತೆರೆದು, ಅದರಲ್ಲಿದ್ದಂತೆಯೇ ಹೊಡೆದ. ಮುನ್ನೂರ ಹನ್ನೆರಡು ವಾಲ್ವುಗಳೂ ಸಾಲಾಗಿ ಬಂದವು. ಕೊನೆಯಲ್ಲಿ ಕ್ವಿಟ್, ಎಕ್ಸಿಟ್, ಖಲಾಸ್.

ಬೊನವೆಂಚರನನ್ನು ಕರೆದು ತೋರಿಸಿದ. “ನಿಮಗ ಗೊತ್ತಿತ್ತು. ಹೌದಲ್ರೀ?”

ಬೊನವೆಂಚರ್, “ಎಲ್ಲರೂ ಕಲಿತರೆ ಕಂಪನಿಗೆ ನಾನು ಯಾಕೆ? ನನ್ನ ವೀಸಾ ಏನಾಗ್ತದೆ, ಹೇಳಿ,” ಎಂದ.

“ನಿಮ್ಮ ವೀಸಾ ಉಳಿಸ್ಕೊಳ್ಳಾಕ ನನ್ನ ಹೆಸರಿಗೆ ಮಸಿ ಬಳದ್ರಿ. ಬಾಯಿ ಬಿಟ್ಟು ಕೇಳಿದ್ರ ನಾನ ನಿಮ್ಮ ಕಡೆ ನಿಲ್ತಿದ್ದೆ.”

ಅಂದೇ ಈರಯ್ಯ ಆ ಕೀಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಕಂಪನಿಯಲ್ಲಿದ್ದ ನಾಲ್ಕೂ ಕಂಪ್ಯೂಟರುಗಳಿಗೆ ಅಂಟಿಸಿದ. ಡಾಕ್ಯುಮೆಂಟ್ ಸೆಕ್ಷನ್ನಿನ ಸಕೀನಾ ನೋಡಿ, “ನಾನೂ ಎರಡು ಸಲ ಬೈಸಿಕೊಂಡಿದ್ದೇನೆ ಈರಯ್ಯಣ್ಣ,” ಎಂದಳು. ಅವನ ಸಿಟ್ಟು ಇನ್ನಷ್ಟು ಏರಿತು.

ಬೊನವೆಂಚರನ ಕೆಲಸವೇನೂ ಹೋಗಲಿಲ್ಲ. ಕಂಪನಿಗೆ ಇನ್ನೂ ಆರು ಕಂಪ್ಯೂಟರ್ ಬಂದವು. ಮೆಮೊ ಹಿಂದಕ್ಕೆ ಪಡೆಯಬೇಕೆಂದು ಈರಯ್ಯ ಪ್ರಿಂಟ್ ಸಮೇತ ಮೂರು ಸಲ ಅರ್ಜಿ ಕೊಟ್ಟ. “ಹಳೇ ವಿಷಯ, ಬಿಡು,” ಎಂದ ಮ್ಯಾನೇಜರ್. ಈರಯ್ಯ ಬಿಡಲಿಲ್ಲ. ಮರುವಾರ ನಾಲ್ಕನೆಯ ಅರ್ಜಿ ಟೈಪ್ ಮಾಡಿ, ತಾನೇ ಸೇವ್ ಮಾಡಿ, ಪ್ರಿಂಟ್ ತೆಗೆದು ಮ್ಯಾನೇಜರನ ಮೇಜಿನ ಮೇಲಿಟ್ಟು ಬಂದ.