ಪೋಪಜ್ಜನ ಕಥೆ ಮತ್ತು ನಾನು ಟೈಪ್ ಮಾಡಿದ ಪಟ್ಟಿ

ಸದಣ್ಣ ಚಾಡಿಕೋರ ಎಂಬ ಮಾತನ್ನು ಹುಟ್ಟಿಸಿದವನು ನಾನು. ಅದು ಸುಳ್ಳೆಂದು ನನಗೊಬ್ಬನಿಗೇ ಖಚಿತವಾಗಿ ಗೊತ್ತಿತ್ತು. ಹದಿನಾಲ್ಕು ವರ್ಷ ಬಾಯಿ ಬಿಡಲಿಲ್ಲ. ಅವರು ತೀರಿಕೊಂಡು ಇಂದಿಗೆ ಹತ್ತೊಂಬತ್ತು ದಿನ — ಅವರು ಓದಲಾಗದ ಹೊತ್ತಿನಲ್ಲಿ ಬರೆಯುತ್ತಿದ್ದೇನೆ.

ಮಸ್ಕತ್ ಹತ್ತಿರದ ರುಸೈಲಿನ ಒಂದು ಪೈಪ್ ಕಾರ್ಖಾನೆಯಲ್ಲಿ ಅವರು ಸ್ಟೋರ್ ಕೀಪರ್, ನಾನು ಆಫೀಸಿನಲ್ಲಿ ಟೈಪಿಸ್ಟ್. ಇಬ್ಬರೂ ಉಡುಪಿ ಕಡೆಯವರು; ಅವರು ನನಗಿಂತ ಹಿರಿಯರು, ಹಾಗಾಗಿ ಅಣ್ಣ. ಹತ್ತನೇ ತರಗತಿಗೆ ಓದು ಬಿಟ್ಟವರು, ಗೇಟಿನ ಒಮಾನಿ ಕಾವಲುಗಾರನ ಪಕ್ಕ ಕೂತು ಅರಬಿ ಓದಲು, ಬರೆಯಲು ಕಲಿತರು. ನಮಗೆ ವೀಸಾ ಕೊಟ್ಟ ಮಾಲೀಕ, ನಮ್ಮ ಕಫೀಲ್, ಏನಿದ್ದರೂ ಅವರನ್ನೇ ಕರೆಯತೊಡಗಿದ. ಸೂಪರ್‌ವೈಸರ್ ಮಾಡಿದ. ಪಿಯುಸಿ ಮುಗಿಸಿದ ನಾನು ಟೈಪ್ ಮಾಡುತ್ತಲೇ ಉಳಿದೆ. ಹೊಟ್ಟೆಕಿಚ್ಚು — ಅದಕ್ಕೆ ಬೇರೆ ಹೆಸರು ಹುಡುಕುವುದಿಲ್ಲ.

ಮಧ್ಯಾಹ್ನ ನಾವು ಏಳೆಂಟು ಜನ ಸ್ಟೋರಿನ ಹಿಂದೆ ಊಟಕ್ಕೆ ಕೂರುತ್ತಿದ್ದೆವು. ಎಲ್ಲರೂ ತಮ್ಮ ಪಲ್ಯ, ಗಸಿಯನ್ನು ಡಬ್ಬಿಯ ಮುಚ್ಚಳಕ್ಕೆ ಹಾಕಿ ನಡುವೆ ಇಡಬೇಕು. ಯಾರು ಬೇಕಾದರೂ ಯಾರದ್ದಕ್ಕೂ ಕೈ ಹಾಕಬಹುದು. ಒಂದು ದಿನ ಸದಣ್ಣ ಬಹಳ ಖುಷಿಯಲ್ಲಿದ್ದರು. ಮಗಳ ಶಾಲೆಯ ಪ್ರಾಜೆಕ್ಟಿಗಾಗಿ ಅಂಕಿಗಳ ಚರಿತ್ರೆ ಓದಿದ್ದರಂತೆ. ಅದರಲ್ಲಿ ಸಾವಿರ ವರ್ಷದ ಹಿಂದಿನ ಒಬ್ಬ ಪೋಪ್. ಫ್ರಾನ್ಸಿನ ಬಡ ಮನೆಯ ಹುಡುಗ, ಮಠ ಸೇರಿ, ಸ್ಪೇನಿನ ಗಡಿಗೆ ಹೋಗಿ ಅರಬರ ಲೆಕ್ಕ, ನಕ್ಷತ್ರವಿದ್ಯೆ ಕಲಿತ. ಫ್ರೆಂಚರಲ್ಲಿ ಆ ಪೀಠ ಏರಿದ ಮೊದಲಿಗ. ಅವನು ಸತ್ತ ಮೇಲೆ ಜನ ಕಥೆ ಕಟ್ಟಿದರು — ಇಷ್ಟು ವಿದ್ಯೆ ಸುಮ್ಮನೆ ಬಂದೀತೇ, ಸೈತಾನನಿಗೆ ತನ್ನನ್ನೇ ಮಾರಿಕೊಂಡಿದ್ದ, ಅವನ ಹತ್ತಿರ ಮಾತಾಡುವ ಲೋಹದ ತಲೆಯಿತ್ತು ಎಂದು. ಇಂದಿಗೂ ಅವನ ಹೆಸರು ಹೇಳಿದರೆ ಮೊದಲು ಬರುವುದು ಆ ಕಥೆಯೇ ಅಂತೆ. "ನಮ್ಮ ಪೋಪಜ್ಜ ಪಾಪ" ಎಂದು ಸದಣ್ಣ ತಲೆಯಾಡಿಸಿದರು, ನೆರೆಮನೆಯವನ ಸುದ್ದಿ ಹೇಳಿದಂತೆ.

ಎಲ್ಲರೂ ನಗುತ್ತಿದ್ದರು. ನಾನು ಹೇಳಿದೆ:

"ಪೋಪಜ್ಜನಿಗೆ ಸೈತಾನ, ಸದಣ್ಣನಿಗೆ ಕಫೀಲ್. ಅರಬಿ ಸುಮ್ನೆ ಬರ್ತದಾ ಮಾರಾಯ್ರೆ, ನಮ್ಮ ಸುದ್ದಿ ಒಂದೊಂದೇ ಕೊಟ್ಟು ಕಲ್ತದ್ದು."

ಸದಣ್ಣನೂ ನಕ್ಕರು. ಅಲ್ಲಿಗೆ ಮುಗಿಯಬೇಕಿತ್ತು —

ಮುಂದಿನ ವಾರ ಊಟಕ್ಕೆ ಕೂರುವವರಲ್ಲೇ ಮೂವರ ವೀಸಾ ಕ್ಯಾನ್ಸಲ್ ಆಯಿತು. ಖಲಾಸ್, ಊರಿಗೆ ಹೋಗಿ ಎಂದರು. ಮೂವರಲ್ಲೊಬ್ಬ ಪೆಟ್ಟಿಗೆ ಕಟ್ಟುತ್ತಾ ನನ್ನ ಮಾತನ್ನೇ ತಿರುಗಿ ಹೇಳಿದ. ಈ ಸಲ ಯಾರೂ ನಗಲಿಲ್ಲ.

ಆದರೆ ಕಳಿಸಬೇಕಾದವರ ಆ ಪಟ್ಟಿ ಬಂದದ್ದು ಹೆಡ್ ಆಫೀಸಿನಿಂದ. ನಾನು ತಮಾಷೆ ಮಾಡುವ ಹತ್ತು ದಿನ ಮೊದಲೇ ಅದನ್ನು ಟೈಪ್ ಮಾಡಿದವನು ನಾನು. ಮೂರು ಹೆಸರೂ ನನ್ನ ಬೆರಳಿನಿಂದಲೇ ಇಳಿದವು. ಸದಣ್ಣನಿಗೆ ಗೊತ್ತೇ ಇರಲಿಲ್ಲ. ಒಂದು ವಾಕ್ಯ ಸಾಕಿತ್ತು. ಹೇಳಿದ್ದರೆ, ಗೊತ್ತಿದ್ದೂ ನಮಗೆ ಯಾಕೆ ತಿಳಿಸಲಿಲ್ಲ ಎಂದು ಎಲ್ಲರೂ ನನ್ನನ್ನು ಕೇಳುತ್ತಿದ್ದರು. ಕೇಳಲಿ ಎಂದುಕೊಳ್ಳುವಷ್ಟು ಧೈರ್ಯ — ಇರಲಿಲ್ಲ.

ಮರುದಿನದಿಂದ ಸದಣ್ಣನ ಮುಚ್ಚಳಕ್ಕೆ ಯಾರೂ ಕೈ ಹಾಕಲಿಲ್ಲ. ಅತ್ತಿಗೆ ಮಾಡಿದ ಬಂಗುಡೆ ಗಸಿ ಹಾಗೇ ಆರುತ್ತಿತ್ತು. ನಾನೂ ಹಾಕಲಿಲ್ಲ. ನಾಲ್ಕು ದಿನ ನೋಡಿ ಅವರು ಸ್ಟೋರಿನ ಒಳಗೇ ಕೂತು ಉಣ್ಣತೊಡಗಿದರು. ಒಮ್ಮೆ ಮಾತ್ರ, ನಾನು ಒಂದು ಸಹಿಗೆ ಹೋದಾಗ, ಕಾಗದದಿಂದ ತಲೆಯೆತ್ತದೆ ಹೇಳಿದರು:

"ನೀನು ತಮಾಷೆಗೆ ಹೇಳಿದ್ದು, ನಂಗೊತ್ತುಂಟು. ಪೋಪಜ್ಜನ ಬಗ್ಗೆ ಮೊದಲು ಹೇಳಿದವನೂ ತಮಾಷೆಗೇ ಹೇಳಿರ್ಬೇಕು."

ಅದೇ ಹೊತ್ತು. ಬಾಗಿಲು ಮುಚ್ಚಿತ್ತು, ನಾವಿಬ್ಬರೇ ಇದ್ದೆವು. ಪಟ್ಟಿಯ ವಿಷಯ ಹೇಳಬಹುದಿತ್ತು. ಸಹಿ ಮಾಡಿದ ಕಾಗದ ಹಿಡಿದು ಹೊರಗೆ ಬಂದೆ.

ಕಳೆದ ಶುಕ್ರವಾರ ಘಾಲಾದಲ್ಲಿ ಇಲ್ಲಿನ ಕನ್ನಡಿಗರು ಸೇರಿಸಿದ ಶ್ರದ್ಧಾಂಜಲಿ ಸಭೆ. ಎರಡು ಮಾತಾಡಿ ಎಂದು ನನ್ನನ್ನು ಕರೆದರು. ಸಜ್ಜನರು, ಶ್ರಮಜೀವಿ ಎಂದೆಲ್ಲ ಹೇಳಿ ಬಂದು ಕೂತೆ. ಹಿಂದಿನ ಸಾಲಿನಲ್ಲಿ, ಬೆಂಗಳೂರಿನಿಂದ ಬಂದು ಎರಡು ವರ್ಷವೂ ಆಗದ ಎಂಜಿನಿಯರೊಬ್ಬರು ಪಕ್ಕದವರನ್ನು ಕೇಳುತ್ತಿದ್ದರು: "ಕಫೀಲ್ ಹತ್ರ ಚಾಡಿ ಹೇಳ್ತಿದ್ರಂತಲ್ಲ, ಅವ್ರೇ ತಾನೆ ಇವ್ರು?" ಸದಣ್ಣನನ್ನು ಅವರು ಒಮ್ಮೆಯೂ ನೋಡಿದವರಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಸದಣ್ಣನ ಮಗಳ ಬೆನ್ನು ನೆಟ್ಟಗಾಯಿತು. ಅವಳು ತಿರುಗಲಿಲ್ಲ. ನಾನು ಅಲ್ಲೂ — ಅಲ್ಲೂ ಸುಮ್ಮನಿದ್ದೆ.

ಇಂದು ಬೆಳಿಗ್ಗೆ ಅವಳಿಗೆ ಫೋನ್ ಮಾಡಿ, ನಾಳೆ ವಾದಿ ಅದಾಯ್‌ನಲ್ಲಿರುವ ಅವರ ಮನೆಗೆ ಬರಬಹುದೇ ಎಂದು ಕೇಳಿದೆ. ಮೊದಲು ಅವಳಿಗೂ ಅತ್ತಿಗೆಗೂ ಹೇಳಬೇಕು. ಆಮೇಲೆ ಆ ಮೂವರಿಗೆ, ಆ ಎಂಜಿನಿಯರಿಗೆ, ಕೇಳಿದವರಿಗೆ, ಕೇಳದವರಿಗೆ. ಇಷ್ಟು ವರ್ಷ ಸುಮ್ಮನಿದ್ದವನ ಮಾತನ್ನು ಅವರು ನಂಬದಿದ್ದರೆ ತಪ್ಪು ಅವರದ್ದಲ್ಲ.

ಅವಳು ಹೇಳಿದಳು, "ಬನ್ನಿ ಅಂಕಲ್. ಅಪ್ಪನ ಫ್ರೆಂಡ್ಸ್ ಅಂತ ಮನೆಗೆ ಯಾರೂ ಬರುದಿಲ್ಲ. ನೀವಾದ್ರೂ ಬರ್ತೀರಲ್ಲ, ಥ್ಯಾಂಕ್ಸ್."

ಅದು ನನಗೆ ಸಲ್ಲುವ ಮಾತಲ್ಲ. ನಾಳೆ ಅವಳ ಎದುರು ಕೂತು, ಮೊದಲು ಅದನ್ನೇ ಹೇಳುತ್ತೇನೆ.