ಒಂಟಿ ತೋಳಿನ ಅಂಗಿ

ನಾನು ದೇವರನ್ನು ನಂಬುವವಳು. ಸಂಜೆ ದೀಪ ಹಚ್ಚದೆ ಒಂದು ದಿನವನ್ನೂ ಕಳೆದವಳಲ್ಲ. ದೀಪ ಹಚ್ಚುವಾಗ ಆ ದಿನ ಆದ ಒಳ್ಳೆಯದನ್ನು ಒಂದೆರಡಾದರೂ ನೆನೆದು ಕೈಮುಗಿಯುವುದು ಅಮ್ಮ ಕಲಿಸಿದ ಅಭ್ಯಾಸ. ಹಾಲು ಒಡೆಯಲಿಲ್ಲ, ಹಸಿ ಸೌದೆಯಾದರೂ ಒಲೆ ಹತ್ತಿತು, ಮಗಳ ಜ್ವರ ಇಳಿಯಿತು, ಇಂಥವೇ. ಆದರೆ ಶಕುನ, ಸೂಚನೆ, ಸತ್ತವರು ಏನೋ ತಿಳಿಸುವುದು ಎಂದೆಲ್ಲ ಯಾರಾದರೂ ಹೇಳಿದರೆ ನನಗೆ ನಗು ಬರುತ್ತಿತ್ತು. ಹೇಳಬೇಕಾದದ್ದನ್ನು ದೇವರೇ ಹೇಳುತ್ತಾನೆ, ನಡುವೆ ಇವರೆಲ್ಲ ಯಾಕೆ ಎಂದು ವಾದ ಮಾಡುತ್ತಿದ್ದೆ. ಈಗ ವಾದ ಮಾಡುವುದಿಲ್ಲ. ಹಾಗೆಂದು ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಓದಿದವರು ತಮಗೆ ಸರಿ ಕಂಡಂತೆ ತಿಳಿದುಕೊಳ್ಳಲಿ.

ಅರವತ್ತರ ದಶಕದ ಮಾತು. ನಾವು ಸಾಗರದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಮ್ಮನೆಯವರದ್ದು ಕಚೇರಿಯಲ್ಲಿ ಗುಮಾಸ್ತೆ ಕೆಲಸ. ನನ್ನ ಅಪ್ಪನ ಅಕ್ಕ, ನಾವು ಸುಬ್ಬತ್ತೆ ಎನ್ನುತ್ತಿದ್ದವರು, ಹೊನ್ನೆಮರಡಿನ ಆಚೆ ಒಂದು ಹಳ್ಳಿಯಲ್ಲಿ ಒಬ್ಬರೇ ಬದುಕಿದವರು. ಚಿಕ್ಕ ವಯಸ್ಸಿಗೇ ಗಂಡ ಹೋಗಿದ್ದರು. ಮಕ್ಕಳಾಗಿರಲಿಲ್ಲ ಎಂದೇ ನಮಗೆಲ್ಲ ಗೊತ್ತಿದ್ದದ್ದು. ಕೈಯಿಂದ ತಿರುಗಿಸುವ ಹೊಲಿಗೆ ಮೆಷಿನ್ ಒಂದನ್ನು ಇಟ್ಟುಕೊಂಡು ಸುತ್ತಲಿನ ಹೆಂಗಸರಿಗೆ ರವಿಕೆ ಹೊಲಿದುಕೊಡುತ್ತಿದ್ದರು. ಹೊಸ ಅಣೆಕಟ್ಟಿನ ನೀರು ಏರಿ ಆ ಹಳ್ಳಿ ಮುಳುಗುವ ಹೊತ್ತಿಗೆ ಹೊಸನಗರದಲ್ಲಿದ್ದ ನನ್ನ ಅಣ್ಣನ ಮನೆಗೆ ಬಂದರು. ಬರುವಾಗ ಎರಡು ಸೀರೆ, ದೇವರ ಪೆಟ್ಟಿಗೆ ಮತ್ತು ಆ ಮೆಷಿನ್ ಬಿಟ್ಟು ಬೇರೇನೂ ತರಲಿಲ್ಲ. ಒಂದು ವರ್ಷವೂ ಬಾಳಲಿಲ್ಲ. ಹೋಗುವ ಮುಂಚೆ "ಮೆಷಿನ್ನು ದೊಡ್ಡ ಹುಡುಗಿಗೆ" ಅಂದಿದ್ದರಂತೆ. ದೊಡ್ಡ ಹುಡುಗಿ ಅಂದರೆ ನಾನು. ಅಣ್ಣ ಅದನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನ ಮೇಲೆ ಹಾಕಿ ಕಳಿಸಿದ. ಬಂದದ್ದು ಬಂದ ಹಾಗೇ ಎರಡು ವರ್ಷ ನಮ್ಮ ಮಂಚದ ಕೆಳಗೆ ಬಿದ್ದಿತ್ತು.

ಗೋಣಿ ಬಿಚ್ಚುವ ಹಾಗೆ ಮಾಡಿದವಳು ನನ್ನ ತಂಗಿ ಗಿರಿಜೆ. ಅವಳನ್ನು ಕೊಟ್ಟದ್ದು ತೀರ್ಥಹಳ್ಳಿಗೆ. ಎರಡು ಹೆರಿಗೆಯಾಗಿತ್ತು, ಎರಡು ಕೂಸೂ ಉಳಿಯಲಿಲ್ಲ. ಮೊದಲನೆಯದು ಎರಡು ದಿನ ಇತ್ತು, ಎರಡನೆಯದು ಆರು ದಿನ. ನಮ್ಮಲ್ಲಿ ಹೆರಿಗೆಗೆ ಮೊದಲೇ ಕೂಸಿಗೆ ಹೊಸ ಬಟ್ಟೆ ಹೊಲಿಯಬಾರದು ಎನ್ನುತ್ತಾರೆ. ಹುಟ್ಟಿದ ಮೇಲೂ ಹಳೇ ಸೀರೆಯ ಮೆತ್ತನೆಯ ತುಂಡಿನಲ್ಲಿ ಸುತ್ತುವುದು, ಹೊಸದೇನಿದ್ದರೂ ಆಮೇಲೆ. ಹಾಗಾಗಿ ಅವಳ ಎರಡು ಕೂಸುಗಳೂ ಹಳೇ ಬಟ್ಟೆಯಲ್ಲೇ ಬಂದು ಹಳೇ ಬಟ್ಟೆಯಲ್ಲೇ ಹೋದವು. ಮೂರನೆಯದಕ್ಕೆ, ಅಮ್ಮ ಇಲ್ಲದ್ದರಿಂದ, ನನ್ನ ಮನೆಗೆ ಬಂದಳು. ಬಂದ ನಾಲ್ಕನೇ ದಿನ ಅಕ್ಕಿ ಆರಿಸುತ್ತಾ ಕೂತವಳು ತಲೆ ಎತ್ತದೆ ಹೇಳಿದಳು:

"ಅಕ್ಕ, ಈ ಸರ್ತಿ ಒಂದು ಅಂಗಿ ಹೊಲ್ದಿಡೇ. ಹೊಸಾದು."

"ಹುಟ್ಟೋಕೆ ಮುಂಚೆ ಹೊಲೀಬಾರ್ದು ಅಂತಾರಲ್ಲೇ."

"ಹೊಲೀದೆ ಇದ್ದಿದ್ದಕ್ಕೆ ಎಂತ ಉಳೀತು, ಹೇಳು?"

ಮಾರನೆಯ ದಿನ ಗೋಣಿ ಬಿಚ್ಚಿದೆ.

ಮರದ ಮುಚ್ಚಳ ಗಟ್ಟಿಯಾಗಿತ್ತು, ಮೆಷಿನ್ನಿಗೆ ಮಾತ್ರ ತುಕ್ಕು ಹಿಡಿದು ಹಿಡಿಕೆ ಅಲುಗಾಡುತ್ತಿರಲಿಲ್ಲ. ಪೇಟೆಯಲ್ಲಿ ಅಂಗಡಿ ಇಟ್ಟಿದ್ದ ಟೈಲರ್ ನಾಗಪ್ಪನಿಗೆ ಹೇಳಿ ಕಳಿಸಿದೆವು. ಬಾಯಿ ಜೋರಿನ ಮನುಷ್ಯ. ಹಿಡಿಕೆ ಹಿಡಿದು ನೋಡಿ, "ನಮ್ಮಜ್ಜಿ ಸೊಂಟಕ್ಕಿಂತ ಗಟ್ಟಿ ಹಿಡ್ಕಂಡದೆಯಲ್ಲಮ್ಮಾ ಇದು!" ಅಂದ. ಸೀಮೆಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟು, ಮಾರನೆಯ ದಿನ ಬಿಚ್ಚಿ ಒರೆಸಿ ಎಣ್ಣೆ ಬಿಟ್ಟ ಮೇಲೆ ಚಕ್ರ ಸಲೀಸಾಗಿ ತಿರುಗಿತು. ನಾನು ಹರಿದ ದಿಂಬಿನ ಚೀಲ ಹೊಲಿದು ನೋಡಿದೆ. ಮಣಿ ಪೋಣಿಸಿದ ಹಾಗೆ ಹೊಲಿಗೆ ಬಿತ್ತು. ಅವತ್ತು ದೀಪದ ಮುಂದೆ ನೆನೆದದ್ದು ಅದನ್ನೇ.

ಮುಚ್ಚಳದ ಬದಿಯ ಖಾನೆಯಲ್ಲಿ ಸೂಜಿ, ಬಾಬಿನ್, ಒಂದು ಚೂರು ಸೀಮೆಸುಣ್ಣ ಇದ್ದವು. ಅಡಿಯಲ್ಲಿ ನಾಲ್ಕು ಮಡಿಕೆ ಮಾಡಿದ ಒಂದು ಸಣ್ಣ ಅಂಗಿ. ಹುಟ್ಟಿದ ಕೂಸಿನ ಅಳತೆಯದು, ಬಿಳಿ ಮಲ್ ಬಟ್ಟೆ, ಹಳದಿಗೆ ತಿರುಗಿತ್ತು. ಒಂದು ತೋಳು ಹಚ್ಚಿತ್ತು, ಇನ್ನೊಂದು ಇರಲಿಲ್ಲ. ಅದರ ಜಾಗದಲ್ಲಿ ಬೆರಳುದ್ದ ದಾರ ಜೋಲುತ್ತಿತ್ತು. ಯಾರದ್ದೋ ಮನೆಯ ಕೂಸಿಗೆ ಹೊಲಿಯಲು ಹೊರಟು ಅರ್ಧಕ್ಕೆ ಬಿಟ್ಟಿರಬೇಕು ಅಂದುಕೊಂಡೆ. ಅಳತೆಗೆ ಸಿಕ್ಕಿತಲ್ಲ ಎಂದು ಸಂತೋಷವೇ ಆಯಿತು. ಹೊಸ ಮಲ್ ಬಟ್ಟೆ ತರಿಸಿ, ಆ ಅಂಗಿಯನ್ನೇ ಮೇಲಿಟ್ಟು ಕತ್ತರಿಸಿದೆ.

ಬೆನ್ನು, ಎದೆ, ಭುಜ, ಎಡದ ತೋಳು, ಎಲ್ಲವೂ ಕೂತಲ್ಲಿಂದ ಏಳದೆ ಆಯಿತು. ಬಲದ ತೋಳು ಹಚ್ಚಲು ಶುರು ಮಾಡಿದೆ, ಬೆರಳುದ್ದ ಹೋಗುವಷ್ಟರಲ್ಲಿ ದಾರ ಪಟ್ಟೆಂದು ಕಡಿಯಿತು. ಪೋಣಿಸಿ ಮತ್ತೆ ಹೊಲಿದೆ. ಮತ್ತೆ ಕಡಿಯಿತು. ಸೂಜಿ ಬದಲಾಯಿಸಿದೆ, ಬೇರೆ ಉಂಡೆಯ ದಾರ ಹಾಕಿದೆ. ದಿಂಬಿನ ಚೀಲಕ್ಕೆ ಹಾಕಿದರೆ ಉದ್ದಕ್ಕೂ ಹೊಲಿಯುತ್ತದೆ, ಆ ತೋಳಿಗೆ ಹಾಕಿದರೆ ಬೆರಳುದ್ದಕ್ಕೇ ನಿಲ್ಲುತ್ತದೆ. ಗಿರಿಜೆ ಒಳಗಿನಿಂದ "ಆಯ್ತನೇ?" ಎಂದು ಕೇಳಿದಾಗ "ದಾರ ಹಳತು ಮಾರಾಯ್ತಿ, ನಾಳೆ ನೋಡ್ತೀನಿ" ಅಂದುಬಿಟ್ಟೆ.

ನಾಳೆಯೂ ಹಾಗೇ ಆಯಿತು. ನಾಗಪ್ಪನನ್ನು ಮತ್ತೆ ಕರೆಸಿದೆ. "ಮೆಷಿನ್ನಿಗೆ ಎಂತ ಆಗಿಲ್ಲಮ್ಮಾ, ನೀವು ಮುದ್ದೆ ತಿರುವಿದ ಹಾಗೆ ತಿರುವಿದ್ರೆ ಅದೆಂತ ಮಾಡೀತು!" ಎಂದು ನಗುತ್ತಲೇ ಕೂತ. ಮೊದಲು ತನ್ನ ಹೆಗಲ ಮೇಲಿದ್ದ ಟವೆಲಿನ ಅಂಚು ಹೊಲಿದು ತೋರಿಸಿದ. ಆಮೇಲೆ ಆ ತೋಳನ್ನು ತೆಗೆದುಕೊಂಡ. ಕಡಿಯಿತು. ದಾರದ ಬಿಗಿ ಸಡಿಲ ಮಾಡಿ ಮತ್ತೆ ಹೊಲಿದ. ಕಡಿಯಿತು. ಮೂರನೇ ಸಲಕ್ಕೆ ಅವನ ನಗು ನಿಂತಿತ್ತು.

"ಇದು ಯಾವ ಕೂಸಿಗಮ್ಮಾ? ಹುಟ್ಟಿದ್ಯಾ?"

"ಇನ್ನೂ ಇಲ್ಲ. ಇದೇ ತಿಂಗಳು."

ಅವನು ಅಂಗಿಯನ್ನು ಮಡಿಸಿ ನನ್ನ ಕೈಗೆ ಕೊಟ್ಟ. "ಹಂಗಾರೆ ಆಮೇಲೆ ಹೊಲೀರಿ," ಅಂದವನು ಕಾಫಿಯನ್ನೂ ಕುಡಿಯದೆ ಎದ್ದ.

ಅವನು ಹೋದ ಮೇಲೆಯೇ ನಾನು ಎರಡೂ ಅಂಗಿಗಳನ್ನು ಚಾಪೆಯ ಮೇಲೆ ಪಕ್ಕ ಪಕ್ಕ ಇಟ್ಟು ನೋಡಿದ್ದು. ಹಳತಕ್ಕೂ ಇಲ್ಲದಿದ್ದದ್ದು ಬಲದ ತೋಳೇ. ಅದರಲ್ಲೂ ಸೂಜಿಯ ತೂತುಗಳು ಬೆರಳುದ್ದ ಹೋಗಿ ನಿಂತಿದ್ದವು. ಸುಬ್ಬತ್ತೆ ಅದನ್ನು ಊರವರ ಕೂಸಿಗೆ ಹೊಲಿಯುತ್ತಿದ್ದರೋ, ಬೇರೆ ಯಾರಿಗೋ? ಮುಳುಗಿದ ಊರಿನಿಂದ ಸೀರೆ ಎರಡೇ ತಂದವರು ಇದನ್ನು ಯಾಕೆ ಜೋಪಾನವಾಗಿ ತಂದರು?

ಮೆಷಿನ್ ಆಗದಿದ್ದರೆ ಕೈಯಲ್ಲಿ ಹೊಲಿಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಸೂಜಿಗೆ ದಾರ ಪೋಣಿಸಿ ಕೂತದ್ದೂ ನಿಜ. ಆದರೆ ಕೈ ಮುಂದೆ ಹೋಗಲಿಲ್ಲ. ಶಕುನಕ್ಕೆ ನಗುತ್ತಿದ್ದವಳು ನಾನೇ. ತಂಗಿಯ ಮುಖ ನೋಡಿದರೆ ನಗು ಬರುತ್ತಿರಲಿಲ್ಲ. ಅಂಗಿಯನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟೆ. ಗಿರಿಜೆಗೆ ಹೊಲಿದಾಯಿತು ಎಂದು ಸುಳ್ಳು ಹೇಳಿದೆ. ದೇವರ ಮುಂದೆ ತಪ್ಪೊಪ್ಪಿಕೊಂಡು, ಈ ಸಲ ಕೂಸೊಂದು ಉಳಿದರೆ ಸಾಕು, ಬೇರೆ ಯಾವ ಒಳ್ಳೆಯದನ್ನೂ ಕೇಳುವುದಿಲ್ಲ ಅಂದೆ.

ಹನ್ನೊಂದು ದಿನ ಕಳೆದ ಮೇಲೆ ಬೆಳಿಗ್ಗೆ ಅವಳಿಗೆ ನೋವು ಕಾಣಿಸಿಕೊಂಡಿತು. ನಮ್ಮನೆಯವರು, ಪಕ್ಕದ ಮನೆಯ ಜಾನಕಕ್ಕ ಸೇರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ನನ್ನ ಮಗಳಿಗೆ ಆ ಬೆಳಿಗ್ಗೆಯಷ್ಟೇ ದಡಾರ ಎದ್ದಿದ್ದರಿಂದ ನಾನು ಆ ಕಡೆ ಹೋಗುವ ಹಾಗಿರಲಿಲ್ಲ. ಗಾಡಿ ಹತ್ತುವಾಗ ಗಿರಿಜೆ ನನ್ನ ಕೈ ಹಿಡಿದು, "ಅಂಗಿ ಒಗ್ದು ಒಣಗಿಸಿಡೇ ಅಕ್ಕ, ಹೊಸ ಬಟ್ಟೆ ಚುಚ್ಚುತ್ತೆ" ಅಂದಳು. ನಾನು ಹೂಂ ಅಂದೆ.

ಮಧ್ಯಾಹ್ನದ ತನಕ ಸುದ್ದಿಯಿಲ್ಲ. ಮಗಳಿಗೆ ಬೇವಿನ ಸೊಪ್ಪು ಬೀಸುತ್ತಾ ಕೂತರೂ ಮನಸ್ಸು ಆಸ್ಪತ್ರೆಯಲ್ಲೇ. ಅವಳು ನಿದ್ದೆ ಹೋದ ಮೇಲೆ ಸುಮ್ಮನೆ ಕೂರಲಾರದೆ ಡಬ್ಬದ ಹಿಂದಿನಿಂದ ಅಂಗಿ ತೆಗೆದು ಮೆಷಿನ್ನಿನ ಮುಂದೆ ಕೂತೆ. ಗಡಿಯಾರ ಮೂರು ಹೊಡೆಯಿತು. ಹಿಡಿಕೆ ತಿರುಗಿಸಿದೆ. ಬೆರಳುದ್ದ ಹೋಗಿ ದಾರ ಕಡಿಯಿತು. ಮತ್ತೆ ಪೋಣಿಸಿದೆ. ದಾರ ಸೂಜಿಯ ಕಣ್ಣಿಗೆ ಹೋಗಲು ಬಹಳ ಹೊತ್ತು ಹಿಡಿಯಿತು, ಕಣ್ಣಲ್ಲಿ ನೀರಿತ್ತು. ಕಣ್ಣು ಮುಚ್ಚಿಕೊಂಡೇ ಚಕ್ರ ತಿರುಗಿಸಿದೆ. ಕಡಿದ ಸದ್ದು ಬರುತ್ತದೆ ಎಂದು ಕಾಯುತ್ತಿದ್ದೆ. ಬರಲಿಲ್ಲ. ಕಣ್ಣು ಬಿಟ್ಟಾಗ ತೋಳಿನ ಸುತ್ತು ಮುಗಿದು, ಸೂಜಿ ಶುರುವಾದ ಜಾಗಕ್ಕೆ ಬಂದು ನಿಂತಿತ್ತು.

ನನಗೆ ಏನನ್ನಿಸಿತೋ, ಎದ್ದು ಕೈಕಾಲು ತೊಳೆದು ದೇವರ ಮುಂದೆ ಸಕ್ಕರೆ ಇಟ್ಟೆ. ಹಗಲಲ್ಲೇ ದೀಪ ಹಚ್ಚಿದೆ. ಅಂಗಿ ಒಗೆದು ಹಿತ್ತಲ ತಂತಿಗೆ ಹಾಕಿದೆ. ಅದು ಒಣಗುವ ಹೊತ್ತಿಗೆ ನಮ್ಮನೆಯವರ ಸೈಕಲ್ಲಿನ ಗಂಟೆ ಕೇಳಿತು.

"ಹೆಣ್ಣು ಕೂಸು ಕಣೇ! ಇಬ್ರೂ ಚೆನ್ನಾಗಿದಾರೆ."

"ಎಷ್ಟು ಹೊತ್ತಿಗೆ?"

"ಮೂರು ಹೊಡೆದ ಮೇಲೆ. ಹುಟ್ಟಿದ್ದು ಅಳ್ಲೇ ಇಲ್ಲಂತೆ. ನರ್ಸಮ್ಮ ತಲೆಕೆಳಗೆ ಹಿಡಿದು ಬಡಿದು ಬಡಿದು, ಹೋಯ್ತು ಅನ್ನೋ ಹೊತ್ತಿಗೆ ಕಿರುಚಿತಂತೆ." ಅಷ್ಟು ಹೇಳಿ ದೇವರ ಗೂಡಿನ ಕಡೆ ನೋಡಿದರು. "ನಿಂಗೆ ಯಾರು ಹೇಳಿದ್ರು? ಆಗ್ಲೇ ದೀಪ ಹಚ್ಚೀಯಲ್ಲ?"

ನಾನು ತಂತಿಯ ಮೇಲಿದ್ದ ಅಂಗಿ ತೋರಿಸಿದೆ. ಅವರಿಗೆ ಅರ್ಥವಾಗಲಿಲ್ಲ. ಪೂರ್ತಿ ಹೇಳಿದ ಮೇಲೂ, ದಾರ ಥಂಡಿ ಹಿಡಿದಿತ್ತು, ಆ ದಿನ ಬಿಸಿಲು ಬಂದು ಸರಿಹೋಯಿತು ಅಂದರು. ಇರಬಹುದು. ನಮ್ಮ ಗಡಿಯಾರವೂ ಸರಿಯಾದ ಸಮಯ ತೋರಿಸುತ್ತಿತ್ತು ಎಂದು ಆಣೆ ಮಾಡಲಾರೆ. ಆದರೆ ಅದೇ ದಾರ ಅದೇ ಥಂಡಿಯಲ್ಲಿ ದಿಂಬಿನ ಚೀಲಕ್ಕೆ ಯಾಕೆ ಕಡಿಯಲಿಲ್ಲ?

ಕೂಸು ಎರಡು ದಿನ ದಾಟಿತು, ಆರು ದಿನ ದಾಟಿತು. ಏಳನೆಯ ದಿನ ಗಿರಿಜೆಯೇ ಆ ಅಂಗಿ ತೊಡಿಸಿದಳು. ಅವಳಿಗೆ ಈ ವಿಷಯ ನಾನು ಇವತ್ತಿಗೂ ಹೇಳಿಲ್ಲ. ಆ ಮಗು ಈಗ ಮದುವೆಯಾದ ಹೆಂಗಸು.

ಮೆಷಿನ್ ಇನ್ನೂ ನನ್ನ ಹತ್ತಿರವೇ ಇದೆ. ಎಷ್ಟೋ ಕೂಸುಗಳಿಗೆ ಹೊಲಿದಿದ್ದೇನೆ, ಎಲ್ಲವೂ ಹುಟ್ಟಿದ ಮೇಲೆ. ಒಮ್ಮೆಯೂ ದಾರ ಕಡಿದದ್ದಿಲ್ಲ. ಸುಬ್ಬತ್ತೆಯ ಅಂಗಿ ಮುಚ್ಚಳದ ಖಾನೆಯಲ್ಲೇ ಇದೆ. ಅದು ಯಾರಿಗಾಗಿ ಹೊಲಿದದ್ದು ಎಂದು ಹೇಳಬಲ್ಲವರು ಈಗ ಯಾರೂ ಇಲ್ಲ, ಆ ಊರೂ ಇಲ್ಲ. ಒಂದು ಸಲ ಮಾತ್ರ, ಅದಕ್ಕೂ ಒಂದು ತೋಳು ಹಚ್ಚಿ ಪೂರ್ತಿ ಮಾಡೋಣ ಎಂದು ತುಂಡು ಕತ್ತರಿಸಿ, ಸೂಜಿಯ ಕೆಳಗೆ ಇಟ್ಟು, ಹಿಡಿಕೆಯ ಮೇಲೆ ಕೈಯನ್ನೂ ಇಟ್ಟೆ. ದಾರ ಕಡಿದರೆ ಏನೆಂದು ತಿಳಿಯಲಿ, ಕಡಿಯದೆ ಹೋದರೆ ಏನೆಂದು ತಿಳಿಯಲಿ? ತುಂಡನ್ನು ತೆಗೆದು, ಅಂಗಿಯನ್ನು ಮೊದಲಿನ ಹಾಗೆ ನಾಲ್ಕು ಮಡಿಕೆ ಮಾಡಿ ಒಳಗಿಟ್ಟೆ.