ಇನ್ಶಿರಾಹ್ ಕೇಳಬಾರದಿದ್ದ ಪ್ರಶ್ನೆ

ಕೈರೋದ ದೊಕ್ಕಿ ಬಡಾವಣೆಯಲ್ಲಿ ನಮ್ಮ ಕಚೇರಿ. ಮನೆಮನೆಗೆ ಫೋನ್ ಮಾಡಿ, ದೇಶದ ಪರಿಸ್ಥಿತಿಯ ಬಗ್ಗೆ ಜನಾಭಿಪ್ರಾಯ ಕೇಳಿ ಬರೆದುಕೊಳ್ಳುವುದು ಕೆಲಸ. ನನ್ನ ಪಕ್ಕದ ಕುರ್ಚಿ ಇನ್ಶಿರಾಹ್‌ಳದು. ನಲವತ್ತಾರರ ವಿಧವೆ, ಅದೇ ನಗರದ ಶುಬ್ರಾದಲ್ಲಿ ತಾಯಿಯ ಜೊತೆ ಇದ್ದಳು.

ನಮ್ಮ ಫೋನೆಂದರೆ ಜನರಿಗೆ ದಿಗಿಲು. "ನನ್ನ ನಂಬರ್ ಯಾರು ಕೊಟ್ರು?" ಎಂದು ಕೇಳದವರೇ ಕಡಿಮೆ. ಒಬ್ಬ ಮುದುಕ ಮಾತ್ರ, "ಅಭಿಪ್ರಾಯ ಎಲ್ಲಾ ನನ್ನ ಹೆಂಡ್ತಿ ಹತ್ರ ಇದೆ ಕಣಮ್ಮ, ಅವಳು ತರಕಾರಿಗೆ ಹೋಗಿದಾಳೆ" ಎಂದು ನಗಿಸಿದ್ದ.

ಆ ಚಳಿಗಾಲ ಪೂರ್ವದ ಗಡಿಯ ಸಿನಾಯಿಯಲ್ಲಿ ಉಗ್ರರ ವಿರುದ್ಧ ಸೇನೆಯ ಕಾರ್ಯಾಚರಣೆ ನಡೆದಿತ್ತು. ಅಲ್ಲಿನ ಅರೀಶ್ ಊರಿನ ರಸ್ತೆ ಮುಚ್ಚಿತ್ತು. ಮೊಬೈಲ್ ಸತ್ತಿತ್ತು, ಮನೆಯ ಫೋನು ಒಮ್ಮೊಮ್ಮೆ ಸಿಗುತ್ತಿತ್ತು. ಒಂದು ಬೆಳಿಗ್ಗೆ ಇನ್ಶಿರಾಹ್ ಮಾಡಿದ ಕರೆಯನ್ನು ಅಲ್ಲಿನ ರತೀಬಾ ಎಂಬ ಹೆಂಗಸು ಎತ್ತಿದಳು.

"ಹೋದ ವರ್ಷಕ್ಕಿಂತ ನಿಮ್ಮ ಊರು ಈಗ ಎಷ್ಟು ಸುರಕ್ಷಿತ?"

"ತುಂಬಾ ಸುರಕ್ಷಿತ. ಹಾಗೇ ಬರ್ಕೊಳ್ಳಿ."

ಆಗಲೇ ಆ ಕಡೆ ಏನೋ ಸಿಡಿದ ಸದ್ದು, ಹಿಂದೆಯೇ ಮಗುವಿನ ಚೀರಾಟ. ಇನ್ಶಿರಾಹ್ ಪೆನ್ನು ಕೆಳಗಿಟ್ಟಳು.

"ತಾಯಿ, ಮನೇಲಿ ಎಲ್ರೂ ಚೆನ್ನಾಗಿದೀರಾ?"

ಆ ಪ್ರಶ್ನೆ ಫಾರಂನಲ್ಲಿ ಇರಲಿಲ್ಲ.

"ನಮ್ಮನೆಯವರು ರೊಟ್ಟಿ ತರೋಕೆ ಹೋಗಿ ಮೂರು ದಿನ ಆಯ್ತು ಅಕ್ಕ. ಉಗ್ರರು ಹೊತ್ಕೊಂಡು ಹೋದ್ರೋ, ಪೊಲೀಸರು ಹಿಡ್ಕೊಂಡು ಹೋದ್ರೋ ಗೊತ್ತಿಲ್ಲ. ಕೇಳೋಕೆ ಹೋದ್ರೆ ನಮ್ಮನ್ನೇ ಅನುಮಾನದಿಂದ ನೋಡ್ತಾರೆ. ಇಲ್ಲಿಂದ ಹೊರಗೆ ಕರೆ ಹೋಗ್ತಿಲ್ಲ. ಇಸ್ಮಾಯಿಲಿಯಾದಲ್ಲಿ ನನ್ನ ತಮ್ಮ ಇದಾನೆ, ಅವನಿಗೊಂದು ಮಾತು ಮುಟ್ಟಿಸ್ತೀರಾ?"

ತಮ್ಮನ ನಂಬರ್ ಹೇಳಿ ಮುಗಿಸುತ್ತಿದ್ದಂತೆ ಫೋನ್ ಕಡಿದುಹೋಯಿತು.

ನಮ್ಮ ಪ್ರತಿ ಕರೆಯೂ ದಾಖಲಾಗುತ್ತಿತ್ತು. "ಹುಚ್ಚು ಹಿಡಿದಿದ್ಯಾ ನಿಂಗೆ? ಆ ಗಂಡ ಯಾರೋ ಏನೋ. ನಾಳೆ ಅವನೇ ಉಗ್ರ ಅಂತಾದ್ರೆ?" ಎಂದು ಬೈದೆ.

"ರೊಟ್ಟಿ ತರೋಕೆ ಹೋದೋನು ಅಂತಷ್ಟೇ ನಂಗೆ ಗೊತ್ತು ಕಣೇ," ಎಂದವಳು ಊಟದ ಬಿಡುವಿನಲ್ಲಿ ಕೆಳಗಿನ ಅಂಗಡಿಯಿಂದ ಆ ತಮ್ಮನಿಗೆ ಫೋನ್ ಮಾಡಿ ಬಂದಳು. ತಂದಿದ್ದ ಬುತ್ತಿ ಬಿಚ್ಚಲಿಲ್ಲ.

ನಾಲ್ಕನೆಯ ದಿನ ಮೇಲ್ವಿಚಾರಕ ವಗ್ದಿ ಅವಳನ್ನು ಒಳಗೆ ಕರೆದು ಆ ಕರೆಯನ್ನು ಕೇಳಿಸಿದ.

"ಈ ಪ್ರಶ್ನೆ ಫಾರಂನಲ್ಲಿ ಎಲ್ಲಿದೆ, ತೋರ್ಸಮ್ಮ."

"ಇಲ್ಲ ಸಾರ್."

"ಬೇರೆಯವರಿಗಿಂತ ಮುಂಚೆ ಇದು ನನ್ನ ಕಿವಿಗೆ ಬಿತ್ತಲ್ಲ, ಅದು ನಿನ್ನ ಪುಣ್ಯ. ರಾಜೀನಾಮೆ ಬರೆದುಕೊಡು, ಇದನ್ನ ಅಳಿಸಿಬಿಡ್ತೀನಿ."

ಹಾಗೆನ್ನುವಾಗ ಅವನೂ ಬಾಗಿಲ ಕಡೆಗೇ ನೋಡುತ್ತಿದ್ದನಂತೆ. ಅವಳು ಬರೆದುಕೊಟ್ಟಳು. ಆದರೆ ಅವನು ಅಳಿಸಿದನೋ ಇಲ್ಲವೋ ತಿಳಿಯುವುದು ಹೇಗೆ? ಬೀದಿಯಲ್ಲಿ ಯಾವುದಾದರೂ ಕಾರು ನಿಧಾನವಾದರೆ ಅವಳು ಹತ್ತಿರದ ಅಂಗಡಿಯೊಳಗೆ ಹೊಕ್ಕುಬಿಡುತ್ತಿದ್ದಳು. ತಾಯಿಯ ಮಾತ್ರೆಗಳನ್ನು ಯಾವ ಹೊತ್ತಿಗೆ ಕೊಡಬೇಕೆಂದು ಚೀಟಿಯಲ್ಲಿ ಬರೆದು ಎದುರುಮನೆಯವಳಿಗೆ ಕೊಟ್ಟಿದ್ದಳು, ತನ್ನನ್ನು ಪೊಲೀಸರು ಕರೆದೊಯ್ದರೆ ಇರಲಿ ಎಂದು.

ಯಾರೂ ಬರಲಿಲ್ಲ. ಎರಡು ತಿಂಗಳ ಮೇಲೆ ತಡೆಯಲಾರದೆ ಅವಳೇ ಇಸ್ಮಾಯಿಲಿಯಾಕ್ಕೆ ಫೋನ್ ಮಾಡಿದಳು.

"ಭಾವ ಬಂದ್ರು," ಎಂದ ತಮ್ಮ. "ವಿಚಾರಣೆಗೆ ಅಂತ ಹತ್ತೊಂಬತ್ತು ದಿನ ಇಟ್ಕೊಂಡಿದ್ರು. ಅಕ್ಕ, ಮಗು, ಎಲ್ರೂ ಈಗ ನಮ್ಮನೇಲೇ ಇದಾರೆ. ಭಾವ ಮಾತ್ರ ಮಾತೇ ಆಡಲ್ಲ, ಗೋಡೆ ಕಡೆ ತಿರುಗಿ ಕೂತಿರ್ತಾರೆ." ಆಮೇಲೆ ದನಿ ತಗ್ಗಿಸಿದ. "ನಿಮ್ಮ ಉಪಕಾರ ಮರೆಯಲ್ಲಕ್ಕ. ಆದ್ರೆ ಇನ್ಮೇಲೆ ಇಲ್ಲಿಗೆ ಫೋನ್ ಮಾಡ್ಬೇಡಿ."

ಅವಳಿಗೆ ಬೇಜಾರಾಗಲಿಲ್ಲವಂತೆ. ಅಂದು ಎಷ್ಟೋ ದಿನದ ಮೇಲೆ ತಾಯಿಯ ಜೊತೆ ಕೂತು ಹೊಟ್ಟೆ ತುಂಬ ಉಂಡಳು.

ಈಗ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಹೋದ ವಾರ ನಾನು ಅಲ್ಲಿದ್ದಾಗ ಕರೆಗಂಟೆ ಹೊಡೆಯಿತು. ಅವಳು ಹೊಲಿಗೆ ಬಿಟ್ಟು ಎದ್ದಳು. ಬಾಗಿಲಿಗೆ ಕಿವಿಯಿಟ್ಟು, "ಯಾರು?" ಎಂದು ಎರಡು ಸಲ ಕೇಳಿದಳು. ಅಳತೆ ಕೊಡಲು ಬಂದಿದ್ದ ನೆರೆಯವಳು. ಅವಳು ಒಳಗೆ ಬಂದು ಕೂತ ಮೇಲೂ ಇನ್ಶಿರಾಹ್ ಟೇಪು ಹಿಡಿದುಕೊಂಡೇ ಎದ್ದು, ಚಿಲಕ ಹಾಕಿದೆಯೇ ಎಂದು ಇನ್ನೊಮ್ಮೆ ನೋಡಿ ಬಂದಳು.